ಖಂಡೆ ಪೂಜೆಯ ದಿನ ನಾನು ಆರಿಸಿದ ಸ್ವಿಚ್ಚು

ಮೊದಲು ಆ ಕಂಪನಿಯನ್ನು ಬೈದುಬಿಡುತ್ತೇನೆ. ಆಮೇಲೆ ನನ್ನ ತಂಗಿ ಕೆಲಸ ಮಾಡುತ್ತಿದ್ದ ಅಂಗಡಿಯ ಮಾಲೀಕ ಶೇಟನನ್ನು. ನನ್ನ ಸರದಿ ಅವರ ಹಿಂದೆಯೇ ಬರುತ್ತದೆ, ತಪ್ಪಿಸಿಕೊಳ್ಳುವುದಿಲ್ಲ.

ಮಕ್ಕಳಿಗೆ ಮನೆಯಲ್ಲೇ ಪಾಠ ಕಲಿಸುತ್ತೇವೆ ಎಂದು ಆ ಕಂಪನಿ ಬಂತು. ಟೈ ಕಟ್ಟಿದ ಹುಡುಗರು ಮುಂಬೈ ಪಕ್ಕದ ನಮ್ಮ ತುರ್ಭೆಯ ಓಣಿಗೂ ಬಂದು ಹಮಾಲರ ಬಾಗಿಲು, ಗಾರೆ ಕೆಲಸದವರ ಬಾಗಿಲು ಬಡಿದು, ನೀಲಿ ಬಣ್ಣದ ಸಣ್ಣ ಲ್ಯಾಪ್‌ಟಾಪನ್ನು ಕಂತಿನ ಮೇಲೆ ಕೊಟ್ಟುಹೋದರು. ನಿಮ್ಮ ಹುಡುಗ ಡಾಕ್ಟರ್ ಆಗುತ್ತಾನೆ ಎಂದರು. ಕಂತು ಮುಗಿಯುವ ಮೊದಲೇ ಕಂಪನಿ ಮುಳುಗಿತು. ಮುಳುಗಿದರೆ ಮುಳುಗಲಿ, ಲ್ಯಾಪ್‌ಟಾಪುಗಳನ್ನೂ ಜೊತೆಗೆ ಮುಳುಗಿಸಿತು. ಅದನ್ನು ತೆರೆದರೆ ಒಂದು ನಗುವ ಮಗುವಿನ ಚಿತ್ರ ಬರುತ್ತದೆ, ಕಂಪನಿ ಕೊಟ್ಟ ಖಾತೆ ಯಾವುದು ಎಂದು ಕೇಳುತ್ತದೆ, ಅಷ್ಟೇ. ಖಾತೆಯನ್ನು ಒಪ್ಪಿಕೊಳ್ಳಬೇಕಾದವರು ಅಂಗಡಿ ಮುಚ್ಚಿ ಓಡಿದ್ದಾರೆ. ಪರದೆ ಚೆನ್ನಾಗಿದೆ, ಕೀಲಿಮಣೆ ಚೆನ್ನಾಗಿದೆ, ಬ್ಯಾಟರಿ ಚೆನ್ನಾಗಿದೆ. ಆದರೂ ಅದು ಹೆಣ.

ನಾನು ಕಳಂಬೋಲಿಯ ಕಬ್ಬಿಣದ ಬಜಾರಿನಲ್ಲಿ ಹಮಾಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ನನಗೆ ತಿಳಿದ ವ್ಯಾಪಾರ ಇಷ್ಟೇ: ಒಂದು ಕಬ್ಬಿಣದ ಸಳಿ ಮಾರಿದ ಮೇಲೆ ಅದು ಕೊಂಡವನದು. ಮಾರಿದವನು ದಿವಾಳಿ ಎದ್ದ ಎಂದು ನಾಳೆ ಆ ಸಳಿ ಬಾಗುವುದಿಲ್ಲ ಎಂದು ಹಟ ಹಿಡಿಯುತ್ತದೆಯೇ? ದುಡ್ಡು ಕೊಟ್ಟು ತಂದ ವಸ್ತು ಇನ್ನೂ ಓಡಿಹೋದವನ ಮಾತನ್ನೇ ಕೇಳುತ್ತಿದ್ದರೆ ಅದಕ್ಕೆ ನಮ್ಮ ಕಡೆ ಬೇರೆ ಹೆಸರಿದೆ. ಬರೆಯುವುದಿಲ್ಲ.

ಆ ನೀಲಿ ಲ್ಯಾಪ್‌ಟಾಪುಗಳು ಚೀಲ ಚೀಲವಾಗಿ ಬಂದು ಬಿದ್ದದ್ದು ತುರ್ಭೆಯ ಒಂದು ಭಂಗಾರದ, ಅಂದರೆ ಗುಜರಿಯ, ಅಂಗಡಿಗೆ. ಬೇಲಾಪುರದ ಆಫೀಸುಗಳು ಬಿಸಾಡುವ ಕಂಪ್ಯೂಟರುಗಳನ್ನು ಕೊಂಡು, ಬಿಚ್ಚಿ, ಆಗುವುದನ್ನು ರಿಪೇರಿ ಮಾಡಿ ಮಾರುವ ಅಂಗಡಿ ಅದು. ನನ್ನ ತಂಗಿ ಅಲ್ಲಿ ವಿಂಗಡಣೆಯ ಕೆಲಸಕ್ಕಿದ್ದಳು: ತಂತಿ ಒಂದು ಕಡೆ, ಹಸಿರು ಪ್ಲೇಟು ಒಂದು ಕಡೆ, ಪರದೆ ಒಂದು ಕಡೆ. ಅವಳು ಹನ್ನೆರಡನೇ ಪಾಸು. ರಿಪೇರಿ ಟೇಬಲ್ಲಿಗೆ ಕೂರಬೇಕೆಂಬುದು ಅವಳ ಆಸೆ. ಟೇಬಲ್ಲಿಗೆ ಗಂಡುಹುಡುಗರು ಮಾತ್ರ ಎಂಬುದು ಶೇಟನ ಕಾನೂನು. ಕಾಗದದಲ್ಲಿಲ್ಲದ ಕಾನೂನು, ಅದಕ್ಕೇ ಗಟ್ಟಿ.

ರಿಪೇರಿ ಹುಡುಗರು ಆ ನೀಲಿ ಯಂತ್ರದ ಮುಂದೆ ಸೋತರು. ಅದರೊಳಗೆ ವಿಂಡೋಸ್ ಕೂರಲಿಲ್ಲ. ಪೆನ್‌ಡ್ರೈವ್ ಹಾಕಿದರೆ ಅದು ಕಣ್ಣೆತ್ತಿಯೂ ನೋಡಲಿಲ್ಲ. ತಂಗಿ ಮಾತ್ರ ಮೊಬೈಲಿನಲ್ಲಿ ಯಾವ ಯಾವುದೋ ದೇಶದವರು ಬರೆದದ್ದನ್ನು ಓದಿ, ಇದರಲ್ಲಿ ಲಿನಕ್ಸ್ ಹಾಕಬಹುದು ಎಂದಳು. ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯಂತೆ, ಯಾರಪ್ಪನ ಮನೆಯದೂ ಅಲ್ಲವಂತೆ, ಬೇಕಾದವರು ಹಾಕಿಕೊಳ್ಳಬಹುದಂತೆ. ಶೇಟ್ ನಕ್ಕ. ಆದರೆ ಲೋಭ ನಗುವಿಗಿಂತ ದೊಡ್ಡದು. ಒಂದು ಯಂತ್ರ ಅವಳ ಕೈಗಿಟ್ಟು ಹೇಳಿದ: “ಒಂದೇ ಕೊಡುವುದು. ದಸರೆಯ ಮರುದಿನ ಚೀಲಗಳೆಲ್ಲ ಪುಡಿ ಮಾಡುವ ಕಾರ್ಖಾನೆಗೆ ಹೋಗುತ್ತವೆ. ಅಷ್ಟರೊಳಗೆ ಇದನ್ನು ಚಾಲೂ ಮಾಡಿ ತಂದರೆ ಲಾರಿ ವಾಪಸ್, ಟೇಬಲ್ ನಿನ್ನದು.”

ಅವಳು ಅದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು, ತವರಿನಿಂದ ಕೂಸನ್ನು ತಂದ ಹಾಗೆ.

ಇಲ್ಲಿಂದ ನನ್ನದು ಶುರು. ನಮ್ಮದು ಒಂದೇ ಖೋಲಿ. ನಾನು, ತಂಗಿ, ಅವ್ವ. ಅಪ್ಪ ಇಲ್ಲ. ಕಲಬುರಗಿ ಕಡೆಯಿಂದ ಬಂದಾಗ ತಂಗಿ ಇನ್ನೂ ಅವ್ವನ ಕಂಕುಳಲ್ಲಿದ್ದಳು, ನಾನು ಪಾಟಿ ಬಿಟ್ಟು ಬುಟ್ಟಿ ಹಿಡಿದಿದ್ದೆ. ಅವಳನ್ನು ಓದಿಸಿದವನು ನಾನು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಓದಿಸಿದ್ದೇನೋ ನಿಜ, ಆದರೆ ಅವಳು ಓದಿದ್ದನ್ನು ಸಹಿಸಲು ಕಲಿತಿರಲಿಲ್ಲ. ಊಟದ ತಾಟಿನ ಪಕ್ಕದಲ್ಲಿ ಆ ಯಂತ್ರ, ಅವಳ ಮೊಣಕಾಲ ಮೇಲೆ ಆ ಯಂತ್ರ. ಏನು ನಡೆದಿದೆ ಎಂದು ಕೇಳಿದರೆ ಇಲ್ಲಿ ಬೆಳೆದ ಹುಡುಗರ ಹಾಗೆ ಹಿಂದಿಯಲ್ಲಿ ಹೇಳುತ್ತಿದ್ದಳು: “ರೆಹನೇ ದೇ ಅಣ್ಣಾ, ತೇರೇ ಕೋ ನಹೀ ಸಮಝೇಗಾ.” ಬಿಡು, ನಿನಗೆ ತಿಳಿಯುವುದಿಲ್ಲ. ನಗುತ್ತಲೇ ಹೇಳುತ್ತಿದ್ದಳು. ಆ ನಗು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ದಸರೆಯ ಹಿಂದಿನ ದಿನ, ಖಂಡೆ ಪೂಜೆ ಬಂತು. ನಮ್ಮಲ್ಲಿ ಅಂದು ದುಡಿಯುವ ಸಾಮಾನಿಗೆ ರಜೆ. ತೊಳೆದು, ಒಂದು ಕಡೆ ಇಟ್ಟು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದ ಮೇಲೆ ಅದನ್ನು ಯಾರೂ ಮುಟ್ಟಬಾರದು. ನನ್ನ ಹಾರೆ, ಸರಪಳಿ, ಕೈಗವಸು ಗೋಡೆಗೆ ಒರಗಿದ್ದವು. ಅವ್ವ ದಾಣಾ ಬಂದರ್ ಎಂಬ ಧಾನ್ಯದ ಪೇಟೆಯಲ್ಲಿ ಕಾಳು ಹಸನು ಮಾಡುವ ಮೊರ, ಮನೆಯ ಈಳಿಗೆ, ಎಲ್ಲ ಸಾಲಾಗಿ ಕೂತಿದ್ದವು. ಅವ್ವ ಆರತಿ ಹಚ್ಚಿಕೊಂಡು ನಿಂತಿದ್ದಳು. ತಂಗಿ ಮಾತ್ರ ಮೂಲೆಯಲ್ಲಿ ಯಂತ್ರದ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಳು.

“ಏ, ಇವತ್ತಾರ ಅದಕ್ಕ ಸೂಟಿ ಕೊಡು. ಎಲ್ಲಾರ ಸಾಮಾನೂ ಕುಂತಾವ, ನಿಂದೇನ ಮ್ಯಾಲಿಂದ ಇಳದು ಬಂದದ?” ಎಂದೆ.

“ಅಂಗಡಿ ಬಂದ್ ಅದ ಅಣ್ಣಾ, ಇಲ್ಲಂದ್ರ ಅಲ್ಲೇ ಇನ್ವರ್ಟರ್ ಮ್ಯಾಲ ಮಾಡ್ತಿದ್ದೆ. ನಾಡಿದ್ದು ಲಾರಿ ಬರ್ತದ. ಇವತ್ತೇ ಆಗಬೇಕು.”

“ದೇವರಿಗಿಂತ ಶೇಟ್ ದೊಡ್ಡವ ಆದ ನಿನಗ.”

“ದೇವ್ರು ಟೇಬಲ್ ಕೊಡ್ತಾನೇನು?” ಅಂದು ಅವ್ವನ ಕಡೆ ನೋಡಿ ನಾಲಗೆ ಕಚ್ಚಿಕೊಂಡಳು. ಅವ್ವ “ಮೂಳಾ” ಎಂದು ಬೈದು ನಕ್ಕಳು. ನಾನು ನಗಲಿಲ್ಲ.

ಆಗಲೇ ಓಣಿಯಲ್ಲಿ ನೀರು ಬಂತೆಂದು ಕೂಗಿದರು. ನಲ್ಲಿಯ ಸರದಿ ತಪ್ಪಿದರೆ ಕೊಡ ಖಾಲಿ. ತಂಗಿ ಎದ್ದು ಕೊಡ ಎತ್ತಿಕೊಂಡಳು, ಬಾಗಿಲ ತನಕ ಹೋಗಿ ತಿರುಗಿ ಬಂದಳು. ಈ ಸಲ ಹಿಂದಿ ಮಾತಾಡಲಿಲ್ಲ. ನನ್ನ ಮುಂದೆ ಕೂತು, ಸಣ್ಣವರಿಗೆ ಹೇಳುವ ಹಾಗೆ ಹೇಳಿದಳು: “ಅಣ್ಣಾ, ಕೇಳು. ಇದರ ತಲಿ ತಗದು ಬ್ಯಾರೆ ತಲಿ ಇಡ್ಲಿಕತ್ತೀನಿ. ಬ್ಯಾಟರಿ ವಾಯರ್ ಬಿಚ್ಚಿದ್ರಷ್ಟೇ ಇದು ತಲಿ ಮುಟ್ಟಗೊಡ್ತದ. ಅದಕ್ಕ ಬ್ಯಾಟರಿ ಇಲ್ಲ, ಗೋಡಿ ಕರೆಂಟೇ ಇದರ ಉಸಿರು. ಈಗ ಬರೀಲಿಕತ್ತದ. ಸ್ವಿಚ್ ಮುಟ್ಟಬ್ಯಾಡ. ನಡುವ ಕರೆಂಟ್ ಹೋದ್ರ ರುಂಡಾನೂ ಇಲ್ಲ, ಮುಂಡಾನೂ ಇಲ್ಲ. ತಿಳೀತಿಲ್ಲೋ?”

“ತಿಳೀತು ಹೋಗು” ಎಂದೆ.

ಆದ್ದರಿಂದ ಗೊತ್ತಿರಲಿಲ್ಲ ಎನ್ನುವ ದಾರಿ ನನಗಿಲ್ಲ. ಓದದವನು, ಪಾಪ, ಪೂಜೆಯ ಭಕ್ತಿಯಲ್ಲಿ ಮಾಡಿದ ಎಂದು ಯಾರಾದರೂ ಕನಿಕರ ತೋರಿದರೆ ಅವರ ಮುಖಕ್ಕೆ ಹೇಳುತ್ತೇನೆ: ಭಕ್ತಿಯಲ್ಲ. ಅವಳು ಹೇಳಿದ್ದು ನನಗೆ ಪೂರಾ ತಿಳಿದಿತ್ತು. ಆ ಯಂತ್ರದ ಬಗ್ಗೆ ನನಗೆ ತಿಳಿದದ್ದು ಅದೊಂದೇ, ಅದನ್ನೇ ಉಪಯೋಗಿಸಿದೆ. ಅವ್ವ ದೇವರ ಕಡೆ ಮುಖ ಮಾಡಿದ್ದಳು. ನಾನು ಕೈ ಚಾಚಿ ಸ್ವಿಚ್ ಆರಿಸಿದೆ. ಪರದೆ ಕಪ್ಪಾಯಿತು. ಯಂತ್ರವನ್ನು ಎತ್ತಿ ನನ್ನ ಹಾರೆಯ ಪಕ್ಕ ಇಟ್ಟು ಕುಂಕುಮ ಹಚ್ಚಿದೆ. ಆರತಿ ಆಯಿತು. ನನ್ನ ಮೈಯಲ್ಲಿ ಒಂದು ಸಮಾಧಾನ ಹರಿಯಿತು. ಆ ಸಮಾಧಾನಕ್ಕೆ ನಾನು ಇವತ್ತಿಗೂ ಉಗುಳುತ್ತೇನೆ. ಆಮೇಲೆ ಹೆದರಿಕೆ ಬಂತು. ಸ್ವಿಚ್ ಮತ್ತೆ ಹಾಕಿದೆ, ಯಂತ್ರವನ್ನು ಅವಳ ಮೂಲೆಗೆ ಇಟ್ಟೆ. ಕುಂಕುಮ ಒರೆಸಿದೆ. ಅದು ಏಳಲಿಲ್ಲ.

ಕೊಡ ಇಳಿಸುವ ಮೊದಲೇ ಅವಳ ಕಣ್ಣು ಪರದೆಯ ಮೇಲೆ ಬಿತ್ತು.

“ಕರೆಂಟ್ ಹೋಗಿ ಬಂತು” ಎಂದೆ. ಅವ್ವನಿಗೆ ಏನೂ ಗೊತ್ತಿರಲಿಲ್ಲ. ದೀಪದ ಮುಂದೆ ಕರೆಂಟ್ ಹೋದದ್ದು ಬಂದದ್ದು ಯಾರಿಗೆ ತಿಳಿಯುತ್ತದೆ?

ತಂಗಿ ಅಳಲಿಲ್ಲ. ಸ್ವಿಚ್ ಹಾಕಿದಳು, ತೆಗೆದಳು, ಬ್ಯಾಟರಿ ತಂತಿ ಹಾಕಿ ನೋಡಿದಳು. ಚಿಪ್‌ನ ಕಾಲು ಹಿಡಿದು ಹೊರಗಿನಿಂದ ಬರೆಯುವ ಒಂದು ಚಿಮಟಿಗೆ ಇದ್ದರೆ ಉಳಿಸಬಹುದು, ಅದನ್ನು ಮುಂಬೈನಿಂದ ತರಬೇಕು, ಹಬ್ಬಕ್ಕೆ ಅಂಗಡಿಗಳೆಲ್ಲ ಬಂದ್ ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ದಸರೆ. ಓಣಿಯವರು ಬನ್ನಿ ಕೊಟ್ಟು ತಗೊಂಡರು. ಅವಳು ಬನ್ನಿ ಎಲೆ ನನ್ನ ಕೈಯಲ್ಲಿಟ್ಟು ಕಾಲು ಮುಟ್ಟಿ, “ಬಂಗಾರದಂಗ ಇರೋಣ ಅಣ್ಣಾ” ಅಂದಳು. ನಾನು ಎಲೆ ತಗೊಂಡೆ. ತಲೆಯ ಮೇಲೆ ಕೈಯನ್ನೂ ಇಟ್ಟೆ. ಎಂಥ ಕೈ!

ದಸರೆಯ ಮರುದಿನ ಸತ್ತ ಯಂತ್ರವನ್ನು ಶೇಟ್ ಎಲ್ಲ ಹುಡುಗರ ಮುಂದೆ ಎತ್ತಿ ತೋರಿಸಿದನಂತೆ. ನೋಡಿ, ಇದು ಇವಳ ಕೈಗುಣ, ಚೆನ್ನಾಗಿದ್ದದ್ದನ್ನೂ ಕೊಂದಳು ಎಂದನಂತೆ. ಇನ್ನೊಂದು ಕೊಡಿ ಎಂದು ಅವಳು ಬೇಡಿಕೊಂಡಳಂತೆ. ಕಳ್ಳ ನನ್ನ ಮಗ, ನೂರಾರು ಬಿದ್ದಿದ್ದವು, ಒಂದು ಕೊಡಲಿಲ್ಲ. ಲಾರಿ ಬಂತು, ಚೀಲಗಳು ಹೋದವು.

ಅವಳ ಸಿಟ್ಟೆಲ್ಲ ನಮ್ಮ ಖೋಲಿಯ ಮಾಲೀಕನ ಮೇಲೆ ತಿರುಗಿತು. ವಿಜಯಪುರ ಕಡೆಯ ಹಿರಿಯ, ನಾವು ಕಾಕಾ ಅನ್ನುತ್ತೇವೆ. ನಮಗೆ ಕರೆಂಟ್ ಬರುವುದು ಅವನ ಮೀಟರಿನಿಂದ. ತಂಗಿ ಅವನ ಬಾಗಿಲಿಗೆ ಹೋಗಿ ಕೂಗಾಡಿದಳು, ಓಣಿಯೆಲ್ಲ ನೆರೆಯಿತು.

“ಹಬ್ಬದ ದಿನಾನೂ ಲೈನ್ ತಗದ್ರಲ್ಲ ಕಾಕಾ, ನನ್ನ ಹೊಟ್ಟಿ ಮ್ಯಾಲ ಹೊಡದ್ರಿ!”

“ಯವ್ವಾ, ಅವತ್ತ ಲೈನ್ ಹೋಗೇ ಇಲ್ಲ. ನನ್ನ ಮನ್ಯಾಗ ಟಿವಿ ಹಚ್ಚೇ ಇತ್ತು. ಮನ್ಯಾಗ ಯಾರಿದ್ರು, ಅವರನ್ನ ಕೇಳು” ಎಂದ ಕಾಕಾ. ನನ್ನ ಮುಖ ನೋಡಿಯೇ ಹೇಳಿದ.

“ಸುಳ್ಳ ಹೇಳ್ತಾನ ಮುದುಕ” ಎಂದು ನಾನು ಅಷ್ಟು ಜನರ ನಡುವೆ ಕೂಗಿದೆ.

ತಂಗಿ ನನ್ನ ಪಕ್ಕಕ್ಕೆ ಬಂದು ನಿಂತಳು. “ನಮ್ಮಣ್ಣ ಸುಳ್ಳ ಹೇಳಂಗಿಲ್ಲ” ಎಂದಳು.

ಅವಳು ಅಂಗಡಿ ಬಿಟ್ಟಳು. ಈಗ ಲೋಕಲ್ ರೈಲಿನಲ್ಲಿ ಠಾಣೆ ದಾಟಿ ಕಲ್ಯಾಣದ ಕಡೆಯ ಒಂದು ಗೋದಾಮಿಗೆ ಪಾರ್ಸೆಲ್ ಕಟ್ಟಲು ಹೋಗುತ್ತಾಳೆ. ಇಡೀ ದಿನ ಟೇಪು ಹರಿಯುವ ಕೆಲಸ. ಮೊಬೈಲಿನಲ್ಲಿ ಓದುವುದು ನಿಂತಿತು. ನಾನು ಅವಳಿಗೆ ಚಪ್ಪಲಿ ತಂದೆ, ಮೀನು ತಂದೆ, ಲೋಕಲ್ ಪಾಸು ಮಾಡಿಸಿಕೊಟ್ಟೆ. ಸತ್ಯ ಒಂದು ಬಿಟ್ಟು ಎಲ್ಲ ತಂದೆ.

ಬಾಯಿ ಬಿಡಿಸಿದ್ದು ನೆರೆಮನೆಯಾಕೆ. ರಾಯಚೂರಿನವಳು, ಗಂಡ ಗೌಂಡಿ. ಅವರ ಮನೆಯಲ್ಲೂ ಅದೇ ನೀಲಿ ಲ್ಯಾಪ್‌ಟಾಪ್ ಬಿದ್ದಿತ್ತು. ಒಂದು ಭಾನುವಾರ ಅದನ್ನು ಹಿಡಿದುಕೊಂಡು ಬಂದು, “ನಿನಗ ಬರ್ತದಂತ, ನನ್ನ ಮಗಳಿಗೆ ಇದನ್ನ ತೆಗೆದುಕೊಡವಾ” ಎಂದಳು. ತಂಗಿ ಎರಡೂ ಕೈ ಬೆನ್ನ ಹಿಂದೆ ತಗೊಂಡಳು. “ನನ್ನ ಕೈಗೆ ಕೊಡಬ್ಯಾಡ ಅಕ್ಕಾ. ನನ್ನ ಕೈಗುಣ ಛಲೋ ಇಲ್ಲ.”

ಶೇಟನ ಮಾತು ಅವಳ ಬಾಯಲ್ಲಿ! ಆಕೆ ಹೋದ ಮೇಲೆ ಹೇಳಿಬಿಟ್ಟೆ. ಮೆತ್ತಗೆ ಹೇಳಲಿಲ್ಲ, ಜಗಳಕ್ಕೆ ನಿಂತವನ ಹಾಗೆ ಕೂಗಿ ಹೇಳಿದೆ: “ನಿನ್ನ ಕೈಯಲ್ಲ, ನನ್ನ ಕೈ! ಕರೆಂಟ್ ಹೋಗಿರಲಿಲ್ಲ. ನಾನೇ ಆರ್ಸೀನಿ.”

ಅವ್ವ ಕಾಳು ಆರಿಸುವುದನ್ನು ನಿಲ್ಲಿಸಿದಳು.

“ಮರ್ತು ಆರಿಸಿದಿ?” ತಂಗಿ ಕೇಳಿದಳು.

“ಇಲ್ಲ.”

“ನಾ ಹೇಳಿದ್ದು ತಿಳಿದಿರಲಿಲ್ಲ?”

“ತಿಳಿದಿತ್ತು.”

“ಮತ್ತ ಕಾಕಾನ ಮುಂದ ನಾ ನಿನ್ನ ಬಾಜೂಕ ನಿಂತೆ” ಎಂದಳು. ಟೇಬಲ್ ಹೋದದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಮೊದಲು ನೆನಪಾದದ್ದು ಅದು. ನನ್ನ ಅಂಗಿಯ ಕೊರಳಪಟ್ಟಿ ಹಿಡಿದು, “ಏಳು, ನಡಿ” ಎಂದಳು. ಅವ್ವ ಬಿಡಿಸಲು ಬರಲಿಲ್ಲ.

ಕಾಕಾನ ಮನೆ ಮೊದಲು. ಸುಳ್ಳು ಹೇಳಿದವನು ನಾನು ಎಂದು ಕೈ ಮುಗಿದೆ. ಅವನು ನನ್ನನ್ನು ನೋಡಲೇ ಇಲ್ಲ, ಅವಳಿಗೆ “ಚಾ ಕುಡಿ ಬಾ ಯವ್ವಾ” ಎಂದ. ಆಮೇಲೆ ಶೇಟನ ಅಂಗಡಿ. ಭಾನುವಾರವೂ ತೆರೆದಿತ್ತು, ದುಡ್ಡಿಗೆ ವಾರವಿಲ್ಲ.

ನಾನು ಹೇಳಿದ್ದನ್ನು ಅವನು ಕೇಳಿ ಕೈ ಝಾಡಿಸಿದ. ಹಿಂದಿಯಲ್ಲಿ ಹೇಳಿದ್ದು ಇಷ್ಟು: “ಅವನು ಆರಿಸಿದರೇನು, ಕರೆಂಟ್ ಹೋದರೇನು? ಮಾಲು ಹೋಯ್ತು. ಟೇಬಲ್ ಮೇಲೆ ಬೇರೆಯವನು ಕೂತಿದ್ದಾನೆ.”

“ಟೇಬಲ್ ಯಾರು ಕೇಳಿದರು?” ಎಂದಳು ತಂಗಿ. “ನೀವು ಹುಡುಗರನ್ನು ಕೂಡಿಸಿ ಹೇಳಿದ್ದಿರಿ. ಈಗಲೂ ಕೂಡಿಸಿ.”

ಅವನು ಕೂಡಿಸಲಿಲ್ಲ. ಅವಳೇ ಒಳಗೆ ಹೋಗಿ ಕರೆದಳು. ತಿರುಪುಳಿ ಹಿಡಿದ ಹುಡುಗರು ಬಂದು ನಿಂತರು. ನಾನು ಹೇಳಿದೆ: ಬ್ಯಾಟರಿ ತಂತಿ ಬಿಚ್ಚಿ ಇವಳು ಮಾಡಿದ್ದು ಸರಿಯಾಗಿತ್ತು, ನಡುವೆ ಸ್ವಿಚ್ ಆರಿಸಿ ಕೊಂದವನು ನಾನು, ಬೇಕೆಂದೇ ಕೊಂದೆ. ಒಬ್ಬ ಹುಡುಗ ಕಿಸಕ್ಕೆಂದು ನಕ್ಕ. ಇನ್ನೊಬ್ಬ ಅವಳನ್ನು, ಬ್ಯಾಟರಿ ತಂತಿ ಬಿಚ್ಚಬೇಕೇನು, ನಮಗೆ ಹೊಳೆಯಲೇ ಇಲ್ಲ ಎಂದು ಕೇಳಿದ. ಅವಳು ನನ್ನ ಕಡೆ ತಿರುಗಿ ಬಾಗಿಲು ತೋರಿಸಿದಳು. ಹೊರಗೆ ಬಂದು, “ನೀ ಹೋಗು, ನಾ ಹಿಂದಿಂದ ಬರ್ತೀನಿ” ಎಂದಳು. ಜೊತೆಗೆ ನಡೆಯುವುದು ಬೇಡವಾಗಿತ್ತು.

ಈಗ ಮನೆಯಲ್ಲಿ ನನ್ನ ತಾಟಿಗೆ ಅನ್ನ ಬಡಿಸುತ್ತಾಳೆ, ಮಾತು ಅವ್ವನ ಮೂಲಕ. ಕ್ಷಮೆ ಕೇಳಿದರೆ ಎದ್ದು ಹೋಗುತ್ತಾಳೆ. ಹೋಗಲಿ. ಕ್ಷಮಿಸಿಬಿಟ್ಟರೆ ನಾನು ಮತ್ತೆ ಓಣಿಯ ತುಂಬ, ತಂಗಿಯನ್ನು ಓದಿಸಿದವನು ಎಂದು ತಿರುಗುತ್ತೇನೆ. ನನ್ನ ಜಾತಕ ನನಗೆ ಗೊತ್ತು.

ಮೊನ್ನೆ ಬಜಾರಿನಿಂದ ಬರುವಾಗ ನೆರೆಮನೆಯಾಕೆ ನನ್ನನ್ನು ತಡೆದು ನಿಲ್ಲಿಸಿದಳು. ಅವಳ ಮಗಳ ತೊಡೆಯ ಮೇಲೆ ಆ ನೀಲಿ ಲ್ಯಾಪ್‌ಟಾಪ್ ಹೊತ್ತಿಕೊಂಡಿತ್ತು. ನಗುವ ಮಗುವಿನ ಚಿತ್ರ ಹೋಗಿ ಬೇರೇನೋ ಇತ್ತು, ಹುಡುಗಿ ಅದರಲ್ಲಿ ಏನನ್ನೋ ಟೈಪ್ ಮಾಡುತ್ತಿದ್ದಳು. ನನ್ನ ತಂಗಿ ಅವರ ಖೋಲಿಯಲ್ಲೇ ಕೂತು, ಒಳಗಿನಿಂದ ಕೊಂಡಿ ಹಾಕಿಕೊಂಡು ಮಾಡಿದಳಂತೆ. “ಎಂಥಾ ತಂಗೀನ್ನ ಪಡದೀಯೋ ತಮ್ಮಾ! ನಿನಗ ಹೇಳ್ಯಾಳಲ್ಲ?”

ಹೇಳ್ಯಾಳ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು.

“ಇಲ್ಲರಿ ಅಕ್ಕಾ” ಎಂದೆ, “ನನಗ ಹೇಳಿಲ್ಲ.”