ನಾನು ಮಾಡದ ಫೋನು

ಅಪ್ಪ ಇಟ್ಟ ಷರತ್ತು ಒಂದೇ. ಒಂದಿಡೀ ದಿನ ಒಬ್ಬಳೇ ಸೈಕಲ್ ತುಳಿದು ಮನೆ ಸೇರಬೇಕು. "ಬಂದು ಕರ್ಕಂಡೋಗು ಅಂತ ಫೋನ್ ಬಂತೋ, ಕನ್ಯಾಕುಮಾರಿ ಮಾತು ಎತ್ಕೂಡ್ದು." ಎರಡು ವರ್ಷದಿಂದ ಅಲ್ಲಿಯವರೆಗೆ ಸೈಕಲ್ ತುಳಿಯುವ ದಾರಿಯ ನಕ್ಷೆ ತಿದ್ದುತ್ತಿದ್ದ ನಾನು ತಕ್ಷಣ ಒಪ್ಪಿದೆ.

ಬೆಳಕು ಹರಿಯುವ ಮೊದಲೇ ಬಂಗಾರಪೇಟೆಯ ಮನೆ ಬಿಟ್ಟು, ಆಂಧ್ರದೊಳಗೆ ಸುತ್ತಿ, ಮಧ್ಯಾಹ್ನ ಕಾಮಸಮುದ್ರದ ಹತ್ತಿರ ಬಂದಾಗ ಎರಡನೇ ಪಂಕ್ಚರ್. ಜಾಲಿಮುಳ್ಳು. ಮುಚ್ಚಿದ್ದ ಹಾಲಿನ ಡೈರಿಯ ನೆರಳಲ್ಲಿ ಟಯರ್ ಬಿಚ್ಚುತ್ತಾ ಕುಳಿತೆ. ಹುಲ್ಲಿನ ಹೊರೆ ಇಳಿಸಿ ಇಬ್ಬರು ಹೆಂಗಸರು ಎದುರಿಗೇ ಕುಳಿತರು.

"ಬಸ್ಸು ಫ್ರೀ ಐತಲ್ಲಮ್ಮೋ, ಇದ್ಯಾಕೆ ತುಳೀತೀಯ?" ಎಂದಳು ದೊಡ್ಡವಳು.

"ಇಷ್ಟಕ್ಕೆ."

"ಇಷ್ಟಕ್ಕಂತೆ!" ಜೊತೆಯವಳ ಕಡೆ ತಿರುಗಿದಳು. "ಗಂಡನ ಮನೇಲಿ ಏನೋ ಆಗೈತೆ ಕಣೇ."

"ನನಗೆ ಮದುವೆ ಆಗಿಲ್ಲ."

"ಅದಕ್ಕೇ ಮತ್ತೆ!"

ಯಾರ ಮಗಳು ಎಂದು ಕೇಳಿದಳು. ಸ್ನಾತಕೋತ್ತರ ಪದವಿ ಇದ್ದರೂ ಆ ಬಿಸಿಲಿನಲ್ಲಿ ಒಂದು ಸುಳ್ಳು ಹೊಳೆಯಲಿಲ್ಲ. ಅಪ್ಪ ಪಶು ಆಸ್ಪತ್ರೆಯ ಕಾಂಪೌಂಡರ್ ಎಂದೆ.

"ಅಯ್ಯೋ, ದನದ ಡಾಕ್ಟ್ರ ಮಗಳಾ! ನಮ್ಮೆಮ್ಮೆ ಹೊಟ್ಟೇಲಿ ಕರ ಅಡ್ಡ ತಿರುಗಿದ್ದಾಗ ಎಳ್ದಿದ್ದು ನಿಮ್ಮಪ್ಪನೇ." ನನ್ನನ್ನೂ ಎಲ್ಲಿಂದಲೋ ಎಳೆಯಬೇಕಾಗಿದೆ ಎಂಬಂತೆ ನೋಡಿದಳು.

ಅಲ್ಲಿಂದ ಎದುರುಗಾಳಿ. ಆಂಡರ್ಸನ್‌ಪೇಟೆಯಲ್ಲಿ ಗಣಿಯ ಮಣ್ಣುದಿಬ್ಬದ ಧೂಳು ಕಣ್ಣಿಗೂ ಬಾಯಿಗೂ ನುಗ್ಗಿತು. ಮೀನಖಂಡ ಸೆಟೆದು ಪೆಡಲ್‌ನಿಂದ ಕಾಲೇ ಜಾರಿತು. ಚಹಾ ಅಂಗಡಿಯ ಜಗಲಿಯಲ್ಲಿ ಕುಸಿದು, ಫೋನ್ ಹೊರತೆಗೆದೆ. ಅಪ್ಪನ ನಂಬರಿನ ಮೇಲೆ ಬೆರಳಿಟ್ಟು, ತಿರುಗಿ ಚೀಲಕ್ಕೆ ಹಾಕಿದೆ. ಪಕ್ಕದ ಆಟೋದವನು ನೋಡುತ್ತಿದ್ದ.

"ಏನ್ ಪಾಪಾ, ಸೈಕಲ್ನ ಆಟೋ ಮೇಲೆ ಕಟ್ತೀನಿ, ನೀನ್ ಒಳಗ್ ಕೂತ್ಕೋ. ಅಪ್ಪಾ ಯಾರು?"

ಈ ಸಲ ಉತ್ತರಿಸದೆ ಹೊರಟೆ. ಸೀಟಿನ ಹಿಂದಿನ ಚೀಲದ ಮೇಲೆ ಪಶು ಆಸ್ಪತ್ರೆಯ ಹೆಸರು ದೊಡ್ಡದಾಗಿ ಅಚ್ಚಾಗಿದ್ದದ್ದು ಆಮೇಲೆ ನೆನಪಾಯಿತು.

ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಗಳ ತಿರುವಿನಲ್ಲಿ ಅಪ್ಪ ಸ್ಕೂಟರ್ ನಿಲ್ಲಿಸಿಕೊಂಡಿದ್ದ. ಕೈಯಲ್ಲಿ ಹಗ್ಗ.

"ನಾನು ಫೋನ್ ಮಾಡಿಲ್ಲ," ಎಂದೆ.

"ನೀನ್ ಮಾಡಿಲ್ಲ. ಕಾಮಸಮುದ್ರದಿಂದ ಇಬ್ರು ಮಾಡಿದ್ರು. ಆಮೇಲೆ ಆಟೋದವ್ನು. ಅವ್ನ ಹಸೂಗೂ ನಾನೇ ಸೂಜಿ ಹಾಕೋದು."

"ಷರತ್ತು ನನ್ನ ಫೋನಿಗೆ. ಅವರದ್ದಕ್ಕಲ್ಲ."

ಅಪ್ಪ ಬಹಳ ಹೊತ್ತು ನನ್ನ ಕಾಲನ್ನು ನೋಡಿ, ಹಗ್ಗವನ್ನು ಡಿಕ್ಕಿಗೆ ಹಾಕಿದ. ಉಳಿದ ದಾರಿಯನ್ನೂ ನಾನೇ ತುಳಿದೆ. ಹಿಂದೆ ಅಪ್ಪನ ಸ್ಕೂಟರ್ ದನ ಹೊಡೆದುಕೊಂಡು ಬರುವ ವೇಗದಲ್ಲಿ ಬರುತ್ತಿತ್ತು. ಅದರ ಹಿಂದೆ ಹಾರ್ನ್ ಒತ್ತುತ್ತಾ ಫ್ರೀ ಬಸ್ಸು.

ಮನೆಯಲ್ಲಿ ಕಾಲು ತೊಳೆಯುವಾಗ ಅಪ್ಪ ಹೇಳಿದ: "ಕನ್ಯಾಕುಮಾರಿ ತಂಕ ನನ್ ಕೈಲಿ ಸೂಜಿ ಹಾಕಿಸ್ಕಂಡಿರೋ ದನ ಒಂದೂ ಇಲ್ವಲ್ಲಮ್ಮ."

ಬೆಳಿಗ್ಗೆ ನೋಡಿದರೆ ಸೈಕಲ್ ಸೀಟಿನ ಕೆಳಗೆ, ದನದ ಕಿವಿಗೆ ಹಾಕುವ ಹಳದಿ ಬಿಲ್ಲೆಯೊಂದು ನೇತಾಡುತ್ತಿತ್ತು. ಅದರ ಮೇಲೆ ಅಪ್ಪನ ನಂಬರು. ಕೆಳಗೆ ಕನ್ನಡದಲ್ಲೂ ತಮಿಳಿನಲ್ಲೂ 'ಇವಳ ತಂದೆ'. ನನ್ನ ಹೆಸರು ಎಲ್ಲೂ ಇರಲಿಲ್ಲ. ನಾನು ಯಾರೆಂಬ ಗುಟ್ಟು ಅಷ್ಟರಮಟ್ಟಿಗಾದರೂ ಉಳಿಯಿತು ಎಂದುಕೊಂಡು ಕನ್ಯಾಕುಮಾರಿಯ ನಕ್ಷೆ ಬಿಚ್ಚಿದೆ.