ತಾರಸಿಯ ಮೇಲಿನ ಬೋಗುಣಿ

ಆ ದಿನವೂ ಅಣ್ಣ ಎಂದಿನಂತೆ ರಾಗಿರೊಟ್ಟಿ ಕಟ್ಟಿಸಿಕೊಂಡು ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿದ್ದ. ಸಂಜೆ ಹೃದಯಾಘಾತವಾಯಿತು, ಮನೆಗೆ ಮರಳಲಿಲ್ಲ.

ಅವನು ಪಾಠ ಮಾಡುತ್ತಿದ್ದ ಗುಂಡ್ಲುಪೇಟೆಯ ಕಾಲೇಜಿಗೆ ಇಂದು ಬಂದಿದ್ದೇನೆ. ಇಲ್ಲಿನ ತಾರಸಿಯಲ್ಲಿ ಅವನು ಉಪಗ್ರಹಗಳ ಸಂಕೇತ ಹಿಡಿಯುವ ಆಂಟೆನಾ ನಿಲ್ಲಿಸಿದ್ದ. ದೂರದಲ್ಲಿ ನೆಲ ನಡುಗಿದರೆ ವಾತಾವರಣದ ಮೇಲ್ಪದರವಾದ ಅಯಾನುಗೋಳವೂ ಅಲುಗುತ್ತದೆ, ಅದನ್ನು ದಾಟಿ ಬರುವ ಸಂಕೇತ ತುಸು ಏರುಪೇರಾಗುತ್ತದೆ ಎನ್ನುತ್ತಿದ್ದ. ಅದಕ್ಕಾಗಿ ವರ್ಷಗಟ್ಟಲೆ ಕಾದ. ಅವನು ತೀರಿಕೊಂಡ ವಾರದೊಳಗೇ ಸಮುದ್ರದಾಚೆ ದೊಡ್ಡ ಭೂಕಂಪವಾಯಿತು. ಯಂತ್ರ ಅದನ್ನು ಹಿಡಿದಿದೆಯೋ ಇಲ್ಲವೋ ನೋಡಲೆಂದೇ ಬಂದೆ.

ಮೇಲೆ ಹತ್ತಿದರೆ ಆಂಟೆನಾ ಕಾಣಲಿಲ್ಲ. ಅದರ ಮೇಲೆ ದೊಡ್ಡ ಅಲ್ಯೂಮಿನಿಯಂ ಬೋಗುಣಿ ಕವುಚಿಕೊಂಡಿತ್ತು.

"ಮೇಷ್ಟ್ರು ಇದ್ದಾಗ ಕೋತಿಗಳ್ನ ಅವ್ರೇ ಓಡುಸ್ತಿದ್ರು. ಅವ್ರನ್ನ ಮಣ್ಣು ಮಾಡಿ ಬಂದವ್ನೇ ಇದ್ನ ಕವುಚ್ಬುಟ್ಟೆ ಕಣವ್ವ. ಆಸ್ಟೆಲ್ ಅಡ್ಗೆಯವ್ಳು ಇನ್ನೂ ಬೋಗುಣಿ ಉಡುಕ್ತಾವ್ಳೆ!" ಎಂದರು ಕಾವಲುಗಾರ ಪುಟ್ಟಮಾದಯ್ಯ. ಬೋಗುಣಿ ಎತ್ತಿ ತೋರಿಸಿದರು. "ನೋಡವ್ವ, ಒಂದು ಗೀರೂ ಬಿದ್ದಿಲ್ಲ."

ಲೋಹ ಮುಚ್ಚಿದರೆ ಸಂಕೇತ ಒಳಗೆ ಬಾರದು.

"ಒಳ್ಳೇದಾಯ್ತು ಬುಡಿ" ಎಂದೆ.

ಕೆಳಗೆ, ಆಂಟೆನಾಗೆ ಜೋಡಿಸಿದ ಕಂಪ್ಯೂಟರಿನಲ್ಲಿ ಅಣ್ಣ ಇದ್ದ ದಿನಗಳ ದಾಖಲೆಯೆಲ್ಲ ಇದೆ. ಭೂಕಂಪದ ದಿನದ್ದು ಇಲ್ಲ.