ತಲೆದೆಸೆಯ ಬೂಟು

ಹೆಂಕ್ ತಾತ ಮಲಗುವಾಗ ಬೂಟುಗಳನ್ನು ತಲೆದೆಸೆಯಲ್ಲಿ ಜೋಡಿಸಿಟ್ಟುಕೊಳ್ಳುತ್ತಿದ್ದರು. ಚಪ್ಪಲಿ ಹೊಸಿಲು ದಾಟದ ನಮ್ಮ ಮನೆಯಲ್ಲಿ ಇದು ದೊಡ್ಡ ರಾದ್ಧಾಂತವಾಯಿತು. "ಕಾಲಲ್ಲಿ ಮೆಟ್ಟೋದ್ನ ತಲೆತಾವ ಮಡಿಕ್ಕಂಡು ಮನಿಕತಾನಲ್ಲವ್ವ, ಮನೆಗೆ ಏಳ್ಗೆ ಆಯ್ತದಾ?" ಎಂದು ನಮ್ಮತ್ತೆ ಗೊಣಗುತ್ತಿದ್ದರು.

ತಾತ ಹಾಲೆಂಡಿನ ಕವಿ. ಜಪಾನಿನ ಮೂರು ಸಾಲಿನ ಪದ್ಯಗಳಿಗೆ ಮರುಳಾಗಿ, ತಮ್ಮ ಡಚ್ ಭಾಷೆಯಲ್ಲೂ ಮೂರೇ ಸಾಲು ಬರೆಯುತ್ತಿದ್ದರು. ಮೊಸಳೆ ಎಂಬ ಊರಿನ ಜೋಡಿ ಗುಡಿ ನೋಡಲು ಬಂದವರು ಹೊಳೆನರಸೀಪುರದಲ್ಲಿ ನಮ್ಮ ಮಹಡಿ ಕೋಣೆ ಹಿಡಿದರು. ಆಮೇಲೆ ಪ್ರತಿ ಮಳೆಗಾಲವೂ ಬಂದರು. ಹೊಳೆಯೆಂದರೆ ಜೀವ ಹಾರುವಷ್ಟು ಭಯ ಅವರಿಗೆ. ಮತ್ತೇಕೆ ಹೊಳೆ ಪಕ್ಕದಲ್ಲೇ ಇರುತ್ತೀರಿ ಎಂದು ಕೇಳಿದ್ದೆ. "ಭಯ ದೂರ ಇದ್ರೆ ಪದ್ಯ ಉದ್ದ ಆಯ್ತದೆ ಕಣವ್ವ" ಎಂದರು. ಕನ್ನಡ ಕಲಿತದ್ದು ನಮ್ಮತ್ತೆಯ ಹತ್ತಿರ, ಬೈಗುಳದ ಸಮೇತ.

ಬೂಟಿನ ಕಥೆ ತಿಳಿದದ್ದು ಅವರೇ ಕನ್ನಡದಲ್ಲಿ ಹೇಳಿದ ಒಂದು ಪದ್ಯದಿಂದ:

ನೀರಿಳಿದ ಬೆಳಗು.
ಕೆಸರಲ್ಲಿ ತಂಗಿಯ ಬೂಟು,
ಲಾಡಿ ಇನ್ನೂ ಕಟ್ಟಿಲ್ಲ.

ಅವರು ಚಿಕ್ಕವರಿದ್ದಾಗ ಸಮುದ್ರದ ಏರಿ ಒಡೆದು ಊರಿಗೆ ನೀರು ನುಗ್ಗಿತ್ತಂತೆ. ಎಲ್ಲರೂ ಅಟ್ಟ ಹತ್ತಿದರು. ತಂಗಿ ಮಾತ್ರ ಬೂಟು ಹುಡುಕಲು ಕೆಳಗಿಳಿದಳು, ಮತ್ತೆ ಹತ್ತಲಿಲ್ಲ. ಇದನ್ನು ಅತ್ತೆಗೂ ಹೇಳಿದೆ. ಅವರ ಗೊಣಗಾಟ ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ.

ಹೋದ ವರ್ಷ ಗೊರೂರು ಅಣೆಕಟ್ಟೆಯ ಗೇಟು ತೆಗೆದ ಸಂಜೆ, ಯಾರೂ ಹೊಳೆ ಕಡೆ ಹೋಗಬೇಡಿ ಎಂದು ಆಟೋದಲ್ಲಿ ಮೈಕು ಕೂಗುತ್ತಿತ್ತು. ಮಗಳು ಚಿನ್ನು ಮನೆಯಲ್ಲಿಲ್ಲ. ತಾತ ಮಹಡಿಯಿಂದ ಬರಿಗಾಲಲ್ಲೇ ಇಳಿದು ಓಡಿದರು, ಹಿಂದೆ ನಾನು. ಚಿನ್ನು ಹೊಳೆಯ ಮೆಟ್ಟಿಲಲ್ಲಿ, ಕೆಳಗೆ ಬಿಟ್ಟಿದ್ದ ಚಪ್ಪಲಿಗೆ ಕೈ ಚಾಚಿ ಬಗ್ಗಿದ್ದಳು. ಕೆಂಪು ನೀರು ಅದನ್ನು ಆಗಲೇ ಎತ್ತಿಕೊಂಡಿತ್ತು. ತಾತ ಮೊಣಕಾಲುದ್ದ ನೀರಿಗಿಳಿದು ಅವಳ ರಟ್ಟೆ ಹಿಡಿದೆಳೆದರು.

"ಓಗ್ಲಿ ಬುಡವ್ವ. ಓಗ್ಲಿ ಬುಡು."

ಮನೆಗೆ ಬಂದ ಮೇಲೂ ಅದನ್ನೇ ಹೇಳುತ್ತಿದ್ದರು. ಅತ್ತೆ ಬಿಸಿನೀರಲ್ಲಿ ಅವರ ಕಾಲು ತೊಳೆದು, ಕಲ್ಲು ತರಚಿದ ಗಾಯಕ್ಕೆ ಅರಿಶಿನ ಹಚ್ಚಿದರು.

ಚಳಿಗಾಲದಲ್ಲಿ ತಾತ ತಮ್ಮ ಊರಲ್ಲಿ ತೀರಿಕೊಂಡರೆಂದು ಅವರ ಮಗ ಫೋನು ಮಾಡಿದ. ಈ ಮಳೆಗಾಲ ಮಹಡಿ ಕೋಣೆ ಖಾಲಿ. ಮೊನ್ನೆ ಮತ್ತೆ ಮೈಕು ಕೂಗಿತು. ಚಿನ್ನು ಮಲಗಿದ ಮೇಲೆ ಅವಳ ಚಪ್ಪಲಿ ಒಳಗೆ ತರೋಣವೆಂದು ಹೊಸಿಲಾಚೆ ನೋಡಿದೆ. ಅಲ್ಲಿರಲಿಲ್ಲ. ಅವಳ ದಿಂಬಿನ ಪಕ್ಕದಲ್ಲಿದ್ದವು, ಒರೆಸಿ ಜೋಡಿಸಿಟ್ಟಂತೆ.

ಅತ್ತೆ ಅವಳ ಪಕ್ಕದಲ್ಲೇ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. "ಇರ್ಲಿ ಬುಡು" ಎಂದರು.